ಸಾಧ್ವಿ ಪಂಡಿತಾ ರಮಾಬಾಯಿಯವರು (೧೮೫೮–೧೯೨೨)

ಸತ್ಪುರುಷರ ಚರಿತ್ರೆಗಳನ್ನು ಓದುವದರಿಂದ ಮನಸ್ಸಿಗೆ ಧೈರ್ಯವೂ ನಡತೆಗೆ ಗುರಿಯೂ ದೊರೆಯುವವೆಂದು ನಾವು ನಮ್ಮ ಬಾಲಿಕೆಯರಿಗೆ ಅನುದಿನವೂ ಹೇಳುತ್ತಿರುವೆವು. ಆದರೆ ಬಾಲಿಕೆಯರು ತಮ್ಮಂತೆಯೇ ಹೆಣ್ಣಾಗಿ ಹುಟ್ಟಿ, ಹೆಣ್ಣಿನ ಕಷ್ಟಗಳನ್ನೆಲ್ಲ ಉಂಡು, ಅವುಗಳನ್ನು ದಾಟಿ ನಿಂತವರ ಚರಿತ್ರೆಯನ್ನು ಓದಿದರೆ ಅದರ ಫಲವು ಇಮ್ಮಡಿಯಾಗುವದೆಂಬುದು ನಮ್ಮ ಅನುಭವದ ಮಾತು. ಆದಕಾರಣ ನಮ್ಮ ಪ್ರೌಢಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಪಂಡಿತಾ ರಮಾಬಾಯಿಯವರ ಜೀವಿತವನ್ನು ಸಂಕ್ಷೇಪವಾಗಿ ಬರೆಯಲು ಮನಸ್ಸು ಮಾಡಿದೆವು.

ರಮಾಬಾಯಿಯವರು ಪುಣೆಯವರು, ಮರಾಠಿಯವರು ಎಂದು ಅನೇಕರು ತಿಳಿದಿರುವರು. ಅವರ ಮನೆಮಾತು ಮರಾಠಿಯೆಂಬುದೂ ಅವರ ಸೇವೆಯ ಬಹುಭಾಗವು ಪುಣೆಯ ಕಡೆಯಲ್ಲಿ ನಡೆಯಿತೆಂಬುದೂ ನಿಜವೇ. ಆದರೆ ಅವರು ಮೊದಲ ಉಸಿರನ್ನು ಎಳೆದದ್ದು ಕನ್ನಡ ನೆಲದ ಮಲೆನಾಡಿನಲ್ಲಿ. ಅವರು ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಕೃಷ್ಣೆಯ ದಂಡೆಯ ಈ ಕುಡಚಿಯಲ್ಲಿಯೂ, ಸುತ್ತಲಿನ ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಕಡೆಯಲ್ಲಿಯೂ ಕನ್ನಡ ಮರಾಠಿಗಳೆರಡೂ ಒಂದೇ ಒಲೆಯ ಮುಂದೆ ಕುಳಿತು ಮಾತಾಡುವ ಮನೆಗಳು ಎಷ್ಟೋ ಇರುವವು. ಇಂಥ ಮನೆಗಳಿಗೆ ರಮಾಬಾಯಿಯವರು ಎರಡೂ ಕಡೆಯಿಂದ ಸ್ವಂತದವರು.

ಇವರ ಚರಿತ್ರೆಯನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ನಮ್ಮ ಶಾಲೆಯ ಒಂದೇ ಹಲಗೆಯ ಮೇಲೆ ಕ್ರೈಸ್ತ, ಲಿಂಗಾಯತ, ಜೈನ, ಮರಾಠ, ಮುಸಲ್ಮಾನ ಮನೆತನಗಳ ಮಕ್ಕಳು ಕೂಡಿ ಕುಳಿತಿರುವರು. ಮಗಳನ್ನು ಮಿಶನ್ ಶಾಲೆಗೆ ಕಳಿಸಿದರೆ ಅವಳು ಹಿರಿಯರ ಮತವನ್ನು ಬಿಟ್ಟುಬಿಡುವಳೋ ಎಂದು ಕೆಲವು ತಂದೆತಾಯಿಗಳು ನಮ್ಮನ್ನು ಸಂಕೋಚದಿಂದ ಕೇಳುವರು. ಈ ಹೊಸ ಕಾಲದ ಗಾಳಿಯಲ್ಲಿ ತಮ್ಮ ಮಗಳ ನಂಬಿಕೆಯು ಆರಿಹೋಗುವದೋ ಎಂದು ಕ್ರೈಸ್ತ ತಂದೆತಾಯಿಗಳು ಅಷ್ಟೇ ಕಳವಳದಿಂದ ಕೇಳುವರು. ಈ ಎರಡು ಪ್ರಶ್ನೆಗಳಿಗೂ ರಮಾಬಾಯಿಯವರ ಬಾಳು ಒಂದೇ ಉತ್ತರವನ್ನು ಕೊಡುವದೆಂದು ನಮಗೆ ತೋರುವದು. ಆ ಉತ್ತರವೇನೆಂಬುದನ್ನು ವಾಚಕರು ಮುಂದೆ ಓದುತ್ತ ಹೋದಂತೆ ತಾವೇ ಕಾಣುವರು.

ಜನ್ಮ ಮತ್ತು ಬಾಲ್ಯ

ರಮಾಬಾಯಿಯವರು ಸನ್ ೧೮೫೮ನೆಯ ಏಪ್ರಿಲ್ ೨೩ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ತಾಣವದು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಘನವಾದ ಪಂಡಿತರು. ಅವರು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಕಲಿಸುವದನ್ನು ಕಂಡು, ಸ್ತ್ರೀಯರೂ ಈ ವಿದ್ಯೆಗೆ ಯೋಗ್ಯರೇ ಎಂದು ನಿಶ್ಚಯಿಸಿಕೊಂಡರು. ಆ ನಿಶ್ಚಯವನ್ನು ತಮ್ಮ ಪತ್ನಿ ಲಕ್ಷ್ಮೀಬಾಯಿಯ ವಿಷಯದಲ್ಲಿ ನಡೆಸಲು ಹೊರಟಾಗ ಬಂಧುಬಳಗವೆಲ್ಲ ಎದುರು ನಿಂತಿತು. ಉಡುಪಿಯಲ್ಲಿ ಸುಮಾರು ೪೦೦ ಮಂದಿ ವಿದ್ವಾಂಸರ ಸಭೆಯ ಮುಂದೆ ಅವರು ತಮ್ಮ ನಡತೆಗೆ ಉತ್ತರ ಕೊಡಬೇಕಾಯಿತು. ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿ, ವೇದವೊಂದನ್ನುಳಿದು ಮಿಕ್ಕ ಸಂಸ್ಕೃತ ವಿದ್ಯೆಯನ್ನು ಹೆಣ್ಣಿಗೆ ಕಲಿಸುವದು ತಪ್ಪಲ್ಲವೆಂದು ಸಭೆಯನ್ನು ಒಪ್ಪಿಸಿದರು. ಆದರೂ ನಿಂದೆಯು ನಿಲ್ಲಲಿಲ್ಲ. ಊರಿನ ಸಂಗವನ್ನು ಬಿಟ್ಟು ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ಅಲ್ಲಿ ಶಿಷ್ಯರಿಗೆ ಪಾಠ ಹೇಳುತ್ತ ಇದ್ದರು.

ಒಂದು ಹೆಣ್ಣುಮಗಳಿಗೆ ವಿದ್ಯೆ ಕಲಿಸಿದ್ದಕ್ಕಾಗಿ ಒಬ್ಬ ಗೃಹಸ್ಥನು ಊರು ಬಿಟ್ಟು ಕಾಡು ಸೇರಬೇಕಾದ ಕಾಲವದು. ಇದನ್ನು ನಮ್ಮ ಬಾಲಿಕೆಯರು ಮರೆಯಬಾರದು.

ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರವು ಬಡತನದಿಂದ ಆಶ್ರಮವನ್ನು ತ್ಯಜಿಸಿ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವಿಳಿಸಿದರಂತೆ. ಅಂದಿನಿಂದ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುವದು, ದೇವಾಲಯದಲ್ಲಿಯೋ ನದೀತೀರದಲ್ಲಿಯೋ ಪುರಾಣ ಓದುವದು, ಕೇಳಿದವರು ಕೊಟ್ಟ ಕಾಣಿಕೆಯಿಂದ ಜೀವಿಸುವದು, ಇದೇ ಅವರ ಬಾಳುವೆಯಾಯಿತು. ಮನೆಯಿಲ್ಲದ ಈ ಮಗುವಿಗೆ ತಾಯಿಯೇ ಶಾಲೆ. ತಂದೆಗೆ ವಯಸ್ಸಾಗಿದ್ದುದರಿಂದ, ತಾನು ಗಂಡನಿಂದ ಕಲಿತ ವಿದ್ಯೆಯನ್ನು ಲಕ್ಷ್ಮೀಬಾಯಿಯವರು ಬೆಳಗಿನ ಜಾವದಲ್ಲಿ, ಮನೆಗೆಲಸ ತೊಡಗುವ ಮೊದಲು, ಮಗಳಿಗೆ ಕಲಿಸುತ್ತಿದ್ದರು. ಪುಸ್ತಕವಿಲ್ಲದೆ ಬಾಯಿಪಾಠದಿಂದಲೇ ಭಾಗವತದ ಸಾವಿರಾರು ಶ್ಲೋಕಗಳು ಹುಡುಗಿಯ ನಾಲಗೆಯಲ್ಲಿ ನಿಂತವು. ಮುಂದೆ ರಮಾಬಾಯಿಯವರು ಅಮೇರಿಕದಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಅಚ್ಚು ಹಾಕಿಸಿದಾಗ ಅದನ್ನು ಈ ತಾಯಿಯ ನೆನಪಿಗೇ ಅರ್ಪಿಸಿದರು.

ಹಿರಿಯ ಮಗಳ ಮದುವೆಯನ್ನು ಲೋಕರೂಢಿಯಂತೆ ಬಾಲ್ಯದಲ್ಲಿಯೇ ಮಾಡಿ ಅದರ ಕಹಿಯನ್ನು ಕಂಡಿದ್ದ ತಂದೆಯು, ಕಿರಿಯಳಾದ ರಮೆಯನ್ನು ಬಾಲ್ಯವಿವಾಹಕ್ಕೆ ಒಪ್ಪಿಸಲಿಲ್ಲ.

ಕ್ಷಾಮದ ದಿನಗಳು

ಕೈಯಲ್ಲಿದ್ದ ಹಣವನ್ನೆಲ್ಲ ದಾನಧರ್ಮಗಳಲ್ಲಿ ವೆಚ್ಚ ಮಾಡಿದ ಈ ಸಂಸಾರಕ್ಕೆ ಕೂಲಿ ಮಾಡಲು ಬಾರದು, ಬೇಡಲು ನಾಚಿಕೆ. ಬರಗಾಲವು ದಕ್ಷಿಣದೇಶವನ್ನು ಹಿಡಿದಾಗ ಇವರು ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಕಾಡು ಈಚಲ ಹಣ್ಣುಗಳಿಂದ ಜೀವ ಹಿಡಿದರು. ಮುದುಕನಾಗಿ ಕುರುಡನೂ ಆಗಿದ್ದ ತಂದೆಯು ಜಲಸಮಾಧಿಗೆ ಸಿದ್ಧನಾಗಿ, ಮಗಳನ್ನು ಎದೆಗಪ್ಪಿಕೊಂಡು, ಸನ್ಮಾರ್ಗದಲ್ಲಿ ನಡೆ, ಜೀವವಿರುವ ತನಕ ದೇವರ ಸೇವೆಯನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. ಮಗ ಶ್ರೀನಿವಾಸನು ತಾನು ಕೂಲಿ ಮಾಡಿಯಾದರೂ ಸಾಕುವೆನೆಂದು ತಂದೆಯನ್ನು ತಡೆದನು. ಆದರೆ ಹಸಿವೆಯು ಆ ಜೀವವನ್ನು ಬಹುದಿನ ಉಳಿಯಗೊಡಲಿಲ್ಲ. ೧೮೭೪ರಲ್ಲಿ ತಂದೆ ತೀರಿಕೊಂಡರು. ಕೆಲವು ವಾರಗಳಲ್ಲಿಯೇ ತಾಯಿಯೂ ಅದೇ ದಾರಿ ಹಿಡಿದರು. ತಾಯಿಗಾಗಿ ರಮೆಯು ನೆರೆಮನೆಯ ಬಾಗಿಲಿಗೆ ಹೋಗಿ, ಬೇಡಲು ಬಾಯಿ ಬಾರದೆ ಕಣ್ಣೀರಿಡುತ್ತ ನಿಂತಾಗ ಆ ಮನೆಯವಳು ಒಂದು ಸಜ್ಜೆಯ ರೊಟ್ಟಿಯ ತುಣುಕನ್ನು ಕೈಗಿತ್ತಳು. ಆ ತುಣುಕನ್ನೂ ನುಂಗುವ ಶಕ್ತಿಯು ತಾಯಿಗೆ ಉಳಿದಿರಲಿಲ್ಲ. ಅಕ್ಕನೂ ಮುಂದೆ ಕಾಲರಾ ಬೇನೆಯಿಂದ ಮಡಿದಳು.

ಹದಿನಾರು ವಯಸ್ಸಿನ ರಮೆಯೂ ಅಣ್ಣನೂ ಕಾಲುನಡಿಗೆಯಿಂದ ಸಾವಿರಾರು ಮೈಲು ಅಲೆದು ಉತ್ತರದೇಶವನ್ನು ಸೇರಿದರು. ಝೇಲಮ್ ನದಿಯ ದಂಡೆಯಲ್ಲಿ ಹೊದೆಯಲು ಕಂಬಳಿಯಿಲ್ಲದೆ, ಉಸುಕಿನಲ್ಲಿ ತಗ್ಗು ತೋಡಿ ಕುತ್ತಿಗೆಯವರೆಗೂ ಉಸುಕನ್ನೆಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಹಸಿದವಳ ಸಂಕಟವೇನೆಂಬುದನ್ನು ರಮಾಬಾಯಿಯವರು ಪುಸ್ತಕದಿಂದ ಕಲಿಯಲಿಲ್ಲ. ಮುಂದೆ ಎರಡು ಸಾವಿರ ಹಸಿದ ಹೆಣ್ಣುಮಕ್ಕಳಿಗೆ ತಾಯಿಯಾಗುವ ಯೋಗ್ಯತೆಯು ಅವರಿಗೆ ಈ ದಿನಗಳಲ್ಲಿಯೇ ಬಂದಿತು.

ಕಲಕತ್ತೆ, ವಿವಾಹ, ವೈಧವ್ಯ

೧೮೭೮ರಲ್ಲಿ ಅಣ್ಣತಂಗಿಯರು ಕಲಕತ್ತೆಗೆ ಬಂದರು. ಇಪ್ಪತ್ತು ವಯಸ್ಸಿನ ಅವಿವಾಹಿತೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. ಅವರನ್ನು ಪರೀಕ್ಷಿಸಿ ಪಂಡಿತಾ ಎಂಬ ಪದವಿಯನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು, ಹೆಣ್ಣು ಓದಬಾರದೆಂದಿದ್ದ ವೇದದ ಪುಸ್ತಕವನ್ನೇ ಅವರ ಕೈಗಿತ್ತು ಓದಲು ಹುರಿದುಂಬಿಸಿದರು. ಧರ್ಮಶಾಸ್ತ್ರಗಳನ್ನು ಸ್ವತಃ ಓದಿದಂತೆ, ಸ್ತ್ರೀಯರ ಮತ್ತು ಶೂದ್ರರ ವಿಷಯದಲ್ಲಿ ಅವು ಹೇಳುವದು ರಮಾಬಾಯಿಯವರ ಮನಸ್ಸಿಗೆ ಹಿಡಿಸದಾಯಿತು. ಹಳೆಯ ನಂಬಿಕೆಯು ಸಡಿಲಿತು. ಹೊಸ ನಂಬಿಕೆಯು ಇನ್ನೂ ಹುಟ್ಟಿರಲಿಲ್ಲ.

೧೮೮೦ರಲ್ಲಿ ಅಣ್ಣನು ಢಾಕಾದಲ್ಲಿ ಮೃತನಾದನು. ಅದೇ ವರುಷ ಜೂನ್ ೧೩ರಂದು ಅವರು ಬಂಗಾಲದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಸರಕಾರೀ ನೋಂದಣಿಯ ಪದ್ಧತಿಯಿಂದ ಲಗ್ನವಾದರು. ವರನು ಬ್ರಾಹ್ಮಣೇತರನು, ಬೇರೆ ಪ್ರಾಂತದವನು, ಬೇರೆ ಭಾಷೆಯವನು, ಲೋಕವು ಸುಮ್ಮನಿದ್ದೀತೇ? ನಿಂದೆಯ ಮಳೆ ಸುರಿಯಿತು. ೧೮೮೧ರ ಏಪ್ರಿಲಿನಲ್ಲಿ ಮಗಳು ಮನೋರಮೆ ಹುಟ್ಟಿದಳು. ೧೮೮೨ರ ಫೆಬ್ರವರಿ ೪ರಂದು ಪತಿಯು ಕಾಲರಾದಿಂದ ತೀರಿಕೊಂಡರು. ಇಪ್ಪತ್ಮೂರನೆಯ ವಯಸ್ಸಿಗೆ ರಮಾಬಾಯಿಯವರು ವಿಧವೆಯಾದರು. ಮಡಿಲಲ್ಲಿ ಹತ್ತು ತಿಂಗಳ ಕೂಸು.

ಸಿಲ್ಚಾರಿನ ಆ ಮನೆಯಲ್ಲಿಯೇ, ಪತಿಯ ಪುಸ್ತಕಗಳ ನಡುವೆ, ಲೂಕನು ಬರೆದ ಸುವಾರ್ತೆಯ ಒಂದು ಬಂಗಾಲಿ ಪ್ರತಿಯು ಅವರ ಕೈಗೆ ಸಿಕ್ಕಿತ್ತು. ಅಲ್ಲಿಯ ಬಾಪ್ಟಿಸ್ಟ್ ಮಿಶನರಿಯೊಬ್ಬರು ಬಂದು ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ಬೀಜವು ಬಿದ್ದಿತು, ಮೊಳೆಯಲು ಇನ್ನೂ ಕಾಲವಿತ್ತು.

ಪುಣೆಯಲ್ಲಿ

೧೮೮೨ರಲ್ಲಿ ರಮಾಬಾಯಿಯವರು ಪುಣೆಗೆ ಬಂದು ರಾನಡೆ ಮೊದಲಾದ ಸುಧಾರಕರ ಬೆಂಬಲದಿಂದ ಆರ್ಯ ಮಹಿಲಾ ಸಮಾಜವನ್ನು ಸ್ಥಾಪಿಸಿದರು. ಅದೇ ವರುಷ ಹಂಟರ್ ಸಾಹೇಬರ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳುತ್ತ, ಬಾಲಿಕೆಯರ ಶಾಲೆಗಳಿಗೆ ತರಬೇತಿ ಹೊಂದಿದ ಶಿಕ್ಷಕಿಯರು ಬೇಕು, ಗಂಡಸರ ಕೈಯಿಂದ ಔಷಧ ಕೊಳ್ಳಲಾರದೆ ಸಾಯುವ ಹೆಂಗಸರಿಗಾಗಿ ವೈದ್ಯೆಯರು ಬೇಕು ಎಂದು ವಾದಿಸಿದರು. ಆಗ ಅದು ಅತಿಯಾದ ಬೇಡಿಕೆಯೆಂದು ಕಂಡೀತು. ನಮ್ಮ ಕಡೆಯ ಜನರಿಗೆ ಚಿರಪರಿಚಿತವಾದ ಮಿರಜೆಯ ಮಿಶನ್ ಆಸ್ಪತ್ರೆಯು ೧೮೯೪ರಲ್ಲಿ, ಅಂದರೆ ಆ ಸಾಕ್ಷ್ಯದ ಹನ್ನೆರಡು ವರುಷಗಳ ತರುವಾಯ, ತೆರೆಯಿತೆಂಬುದನ್ನು ನೆನೆದರೆ ರಮಾಬಾಯಿಯವರ ದೂರದೃಷ್ಟಿಯು ತಿಳಿದೀತು. ಇಂದು ನಮ್ಮ ಶಾಲೆಯಲ್ಲಿ ಪಾಠ ಹೇಳುವ ಪ್ರತಿಯೊಬ್ಬ ಶಿಕ್ಷಕಿಯೂ ಆ ಸಾಕ್ಷ್ಯಕ್ಕೆ ಸ್ವಲ್ಪವಾದರೂ ಋಣಿಯಾಗಿರುವಳು.

ಇಂಗ್ಲೆಂಡಿನಲ್ಲಿ ನಂಬಿಕೆಯೂ ಮನಸ್ಸಾಕ್ಷಿಯೂ

ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿಂದ ರಮಾಬಾಯಿಯವರು ೧೮೮೩ರಲ್ಲಿ ಕೂಸಿನೊಡನೆ ಇಂಗ್ಲೆಂಡಿಗೆ ಹೋದರು. ಪ್ರಯಾಣದ ವೆಚ್ಚಕ್ಕೆ ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದು ಮಾರಿದರು. ಕಿವಿಯ ಮಂದತೆಯಿಂದ ವೈದ್ಯವಿದ್ಯೆಯ ಆಸೆಯು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಅವರು ಉಳಿದುಕೊಂಡರು. ಬಿದ್ದುಹೋದ ಸ್ತ್ರೀಯರನ್ನು ಆ ಮಠದವರು ಹೀನವಾಗಿ ಕಾಣದೆ ಅಕ್ಕರೆಯಿಂದ ಎತ್ತಿ ನಿಲ್ಲಿಸುವದನ್ನು ಕಂಡಾಗ ಅವರ ಮನಸ್ಸು ಕರಗಿತು. ಶಾಸ್ತ್ರಗಳಲ್ಲಿ ಹುಡುಕಿಯೂ ಕಾಣದಿದ್ದ ಕರುಣೆಯನ್ನು ಅವರು ಯೇಸುಸ್ವಾಮಿಯಲ್ಲಿ ಕಂಡರು. ೧೮೮೩ನೆಯ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿಗೆ ಚರಿತ್ರೆಯು ಮುಗಿಯಿತೆಂದು ಕೆಲವರು ತಿಳಿಯುವರು. ನಮ್ಮ ಎಣಿಕೆಯಲ್ಲಿ ನಿಜವಾದ ಪರೀಕ್ಷೆಯು ಇಲ್ಲಿಂದಲೇ ಮೊದಲಾಯಿತು. ತಮ್ಮ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡೀನರ ಉಪಕಾರವನ್ನು ರಮಾಬಾಯಿಯವರು ಎಂದೂ ಮರೆಯಲಿಲ್ಲ. ಆದರೆ ಹೇಳಿದ ಸಿದ್ಧಾಂತಗಳನ್ನೆಲ್ಲ ಪರೀಕ್ಷಿಸದೆ ಒಪ್ಪಿಕೊಳ್ಳಬೇಕೆಂಬ ಮಾತು ಬಂದಾಗ ಅವರು ತಲೆಬಾಗಲಿಲ್ಲ. ತ್ರಿಯೇಕತ್ವ ಮೊದಲಾದ ಗಹನ ವಿಷಯಗಳಲ್ಲಿ ತಮಗಿದ್ದ ಸಂಶಯಗಳನ್ನು ಮುಚ್ಚಿಡದೆ ಬರೆದು ಕೇಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತ ಅಕ್ಷರಗಳೇಕೆ ಬಾರದು ಎಂದು ಕೇಳಿದರು. ಮಾಂಸಾಹಾರವನ್ನು ಮುಟ್ಟಲಿಲ್ಲ, ಕ್ರೈಸ್ತಳಾದರೆ ಊಟವನ್ನೂ ಬದಲಿಸಬೇಕೆಂಬುದನ್ನು ಒಪ್ಪಲಿಲ್ಲ. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಅವರು ಓದುತ್ತ ಸಂಸ್ಕೃತ ಕಲಿಸುತ್ತ ಇದ್ದಾಗ, ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಬಾರದೆಂದು ಹಿಂದುಸ್ಥಾನದ ಬಿಶಪ್ಪರಿಂದ ಆಕ್ಷೇಪಣೆಯು ಬಂತು. ತಮ್ಮ ದೇಶದ ಸಭೆಗಳಲ್ಲಿ ಗಂಡಸರ ಮುಂದೆಯೇ ಮಾತಾಡಿದ್ದ ಆ ಪಂಡಿತೆಗೆ ಇದು ವಿಚಿತ್ರವಾಗಿ ತೋರಿತು. ಕಾಲೇಜಿನ ಮುಖ್ಯಾಧಿಕಾರಿಣಿ ಡೊರೊಥಿಯಾ ಬೀಲರು ಮಾತ್ರ ಅವರ ಮನಸ್ಸನ್ನು ಅರಿತು, ಒತ್ತಾಯಪಡಿಸದೆ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುತ್ತಿದ್ದರು.

ಉಡುಪಿಯ ಸಭೆಯ ಮುಂದೆ ತಂದೆಯು ನಿಂತ ಹಾಗೆಯೇ ಮಗಳು ಕ್ರೈಸ್ತಸಭೆಯ ಹಿರಿಯರ ಮುಂದೆ ನಿಂತಳೆಂದು ನಾವು ಹೇಳಬಹುದು. ತಂದೆಯು ಸಭೆಯನ್ನು ತುಚ್ಛವಾಗಿ ಕಾಣಲಿಲ್ಲ, ಆದರೆ ಸತ್ಯವೆಂದು ಕಂಡದ್ದನ್ನು ಬಿಡಲೂ ಇಲ್ಲ. ಮಗಳೂ ಹಾಗೆಯೇ ನಡೆದಳು. ಪ್ರಶ್ನೆ ಕೇಳಿದ್ದರಿಂದ ರಮಾಬಾಯಿಯವರ ನಂಬಿಕೆಯು ಕುಂದಲಿಲ್ಲ. ಎಂಟು ವರುಷಗಳ ತರುವಾಯ, ೧೮೯೧ರ ಸುಮಾರಿಗೆ, ಅದು ಬುದ್ಧಿಯಿಂದ ಹೃದಯಕ್ಕೆ ಇಳಿದು ಅವರಿಗೆ ಅಚಲವಾದ ಶಾಂತಿಯನ್ನು ಕೊಟ್ಟಿತೆಂದು ಅವರೇ ಬರೆದಿಟ್ಟಿರುವರು.

ಶಾರದಾ ಸದನ

೧೮೮೬ರಲ್ಲಿ ರಮಾಬಾಯಿಯವರು ಅಮೇರಿಕಕ್ಕೆ ಹೋದರು. ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ಆ ವರುಷದ ಮಾರ್ಚ್ ೧೧ರಂದು ಫಿಲಡೆಲ್ಫಿಯದಲ್ಲಿ ವೈದ್ಯ ಪದವಿಯನ್ನು ಪಡೆಯುವದನ್ನು ಕಣ್ಣಾರೆ ಕಂಡರು. ಅಲ್ಲಿ ಸುಮಾರು ಮೂರು ವರುಷ ಉಳಿದು, ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲನ ಪದ್ಧತಿಯನ್ನು ಅಭ್ಯಾಸ ಮಾಡಿದರು. ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಬರೆದು ೧೮೮೭ರಲ್ಲಿ ಪ್ರಕಟಿಸಿದರು. ಊರೂರಿಗೆ ಹೋಗಿ ಭಾಷಣ ಮಾಡಿದರು. ಆ ವರುಷದ ಕೊನೆಗೆ ಬೋಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಶನ್ ಸ್ಥಾಪಿತವಾಗಿ, ಹಿಂದುಸ್ಥಾನದಲ್ಲಿ ವಿಧವೆಯರ ಶಾಲೆಯೊಂದನ್ನು ಹತ್ತು ವರುಷ ಸಾಕುವೆವೆಂದು ಮಾತು ಕೊಟ್ಟಿತು.

೧೮೮೯ನೆಯ ಮಾರ್ಚ್ ೧೧ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ತೆರೆಯಿತು. ಮೊದಲ ವಿದ್ಯಾರ್ಥಿನಿಯು ಗೋದೂಬಾಯಿ ಎಂಬ ಬಾಲವಿಧವೆ. ಮುಂದೆ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ, ಅವರ ಸ್ತ್ರೀಶಿಕ್ಷಣದ ಮಹಾಕಾರ್ಯದಲ್ಲಿ ಜತೆಗಾತಿಯಾದವರು ಅವರೇ. ಆ ಕಾಲದ ವಿಧವೆಯ ಗತಿಯನ್ನು ನಮ್ಮ ಇಂದಿನ ಬಾಲಿಕೆಯರು ಊಹಿಸಲಾರರು. ಗಂಡನ ಮುಖವನ್ನೇ ಅರಿಯದ ಎಂಟು ಹತ್ತು ವರುಷದ ಮಕ್ಕಳ ತಲೆ ಬೋಳಿಸಿ, ಒಪ್ಪೊತ್ತು ಊಟವಿಟ್ಟು, ಶುಭಕಾರ್ಯಗಳಲ್ಲಿ ಎದುರು ಬಾರದಂತೆ ಮೂಲೆಗೆ ನೂಕುತ್ತಿದ್ದರು. ಅಂಥವರ ಕೈಗೆ ಶಾರದಾ ಸದನವು ಪುಸ್ತಕವನ್ನಿತ್ತಿತು.

ಈ ಸದನದ ಕಟ್ಟಳೆಯು ನಮ್ಮ ತಂದೆತಾಯಿಗಳು ಗಮನಿಸತಕ್ಕದ್ದಾಗಿದೆ. ಅಲ್ಲಿ ಮತಬೋಧನೆಯು ಪಾಠಕ್ರಮದಲ್ಲಿ ಇರಲಿಲ್ಲ. ಪ್ರತಿಯೊಬ್ಬಳೂ ತನ್ನ ಮತದ ಆಚಾರಗಳನ್ನು, ಊಟದ ಕಟ್ಟುಗಳನ್ನು ನಡೆಸಿಕೊಳ್ಳಲು ಏರ್ಪಾಡಿತ್ತು. ಹಿಂದೂ ಗ್ರಂಥಗಳೂ ಬೈಬಲೂ ಯಾರು ಬೇಕಾದರೂ ಓದಲು ದೊರೆಯುತ್ತಿದ್ದವು.

ತೆರೆದ ಬಾಗಿಲು

೧೮೯೦ರಲ್ಲಿ ಸದನವು ಪುಣೆಗೆ ಬಂತು. ರಮಾಬಾಯಿಯವರು ಪ್ರತಿದಿನ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳತೊಡಗಿದರು. ಅವರು ಬಾ ಎಂದು ಕರೆಯಲೂ ಇಲ್ಲ, ಹೋಗು ಎಂದು ಕಳಿಸಲೂ ಇಲ್ಲ. ಊರಲ್ಲಿ ಗದ್ದಲವೆದ್ದಿತು, ಪತ್ರಿಕೆಗಳು ಕಿಡಿ ಕಾರಿದವು. ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಾಂಡಾರಕರ ಮೊದಲಾದ ಗೌರವಸ್ಥರು ೧೮೯೩ರಲ್ಲಿ ಸಂಬಂಧ ಬಿಟ್ಟರು. ಇಪ್ಪತ್ತಕ್ಕೂ ಮಿಕ್ಕ ಬಾಲಿಕೆಯರನ್ನು ಪೋಷಕರು ಕರೆದುಕೊಂಡು ಹೋದರು.

ಬಾಗಿಲನ್ನು ಮುಚ್ಚಿಬಿಟ್ಟಿದ್ದರೆ ಎಲ್ಲವೂ ತಣ್ಣಗಾಗುತ್ತಿತ್ತು. ರಮಾಬಾಯಿಯವರು ಮುಚ್ಚಲಿಲ್ಲ. ತನ್ನ ದೇವರನ್ನು ಕದ್ದು ಪ್ರಾರ್ಥಿಸುವದು ತನಗೆ ಸಲ್ಲದೆಂದೂ, ಇತರರನ್ನು ಎಳೆದು ತಂದು ಪ್ರಾರ್ಥನೆಗೆ ಕೂರಿಸುವದು ಇನ್ನೂ ಸಲ್ಲದೆಂದೂ ಅವರ ನಿಲುವು. ಹಿಂದೂ ಪೋಷಕರ ಭಯವು ನಿರಾಧಾರವಾಗಿರಲಿಲ್ಲವೆಂಬುದನ್ನೂ ನಾವು ನ್ಯಾಯವಾಗಿ ಹೇಳಬೇಕು. ಮುಂದಿನ ವರುಷಗಳಲ್ಲಿ ಕೆಲವರು ವಿದ್ಯಾರ್ಥಿನಿಯರು ಕ್ರೈಸ್ತರಾದರು. ಹಳೆಯ ಸ್ನೇಹಿತರೆಷ್ಟೋ ಮಂದಿಯ ಮನಸ್ಸು ನೊಂದಿತು. ಆ ಗಾಯವು ಪೂರ್ತಿಯಾಗಿ ಮಾಯಲೇ ಇಲ್ಲ. ಆದರೆ ಬಲಾತ್ಕಾರದಿಂದಲೋ ಆಶೆ ತೋರಿಸಿಯೋ ಮತಾಂತರ ಮಾಡಬೇಕೆಂಬುದು ರಮಾಬಾಯಿಯವರ ಉಸಿರಿಗೇ ವಿರುದ್ಧವಾದ ಮಾತಾಗಿತ್ತು. ತಮ್ಮ ಮನಸ್ಸಾಕ್ಷಿಗಾಗಿ ಬಿಶಪ್ಪರೊಡನೆ ಹೋರಾಡಿದವರು ಒಬ್ಬ ಬಡ ವಿಧವೆಯ ಮನಸ್ಸಾಕ್ಷಿಯನ್ನು ತುಳಿದಾರೆಂತು?

ಮುಕ್ತಿ

೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವುಂಟಾಯಿತು. ತಾವು ಹಸಿದ ದಿನಗಳನ್ನು ನೆನೆದು ರಮಾಬಾಯಿಯವರು ಸುಮ್ಮನಿರಲಾರದೆ ಹೋದರು. ಅಲ್ಲಿ ಅನಾಥರಾಗಿ, ದುಷ್ಟರ ಕೈಗೆ ಬೀಳುವದರಲ್ಲಿದ್ದ ಹುಡುಗಿಯರನ್ನು ಆಯ್ದು ಕರೆತಂದರು. ಅವರ ಸಂಖ್ಯೆಯು ಸುಮಾರು ೩೦೦ ಆಯಿತು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಹೊಸಬರನ್ನು ಊರಲ್ಲಿ ಇಡಕೂಡದೆಂದು ಅಧಿಕಾರಿಗಳ ಅಪ್ಪಣೆಯಾಯಿತು. ಪುಣೆಯಿಂದ ಸುಮಾರು ೩೫ ಮೈಲು ದೂರದ ಕೇಡಗಾವದಲ್ಲಿ ಸದನದ ಆದಾಯಕ್ಕೆಂದು ಕೊಂಡಿದ್ದ ಹೊಲವಿತ್ತು. ಅಲ್ಲಿಗೆ ಅವರನ್ನು ಕರೆದೊಯ್ದು ಗುಡಿಸಲು ಹಾಕಿಸಿದರು. ಇದೇ ಮುಂದೆ ಮುಕ್ತಿಯೆಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಆ ಪ್ಲೇಗಿನ ಸಮಯದಲ್ಲಿಯೇ, ೧೮೯೭ರಲ್ಲಿ, ಪ್ಲೇಗಿನ ಆಸ್ಪತ್ರೆಯಲ್ಲಿ ಸ್ತ್ರೀಯರಿಗೆ ಆಗುತ್ತಿದ್ದ ಅವಮಾನವನ್ನು ಕುರಿತು ಬಾಂಬೇ ಗಾರ್ಡಿಯನ್ ಪತ್ರಿಕೆಗೆ ಅವರು ಕಟುವಾಗಿ ಬರೆದರು. ಆ ಮಾತು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಮುಟ್ಟಿತು. ಕ್ರೈಸ್ತರಾದವರು ಆಂಗ್ಲ ಸರಕಾರದ ಬಾಲಬಡುಕರೆಂಬ ಆಕ್ಷೇಪಣೆಯು ಅಂದು ಸಾಮಾನ್ಯವಾಗಿತ್ತು. ರಮಾಬಾಯಿಯವರ ಲೇಖನಿಯು ಅದಕ್ಕೆ ತಕ್ಕ ಉತ್ತರವಿತ್ತಿತು. ೧೮೮೯ರ ಮುಂಬಯಿ ಕಾಂಗ್ರೆಸ್ಸಿಗೆ ಪ್ರತಿನಿಧಿಗಳಾಗಿ ಹೋದ ಕೆಲವೇ ಸ್ತ್ರೀಯರಲ್ಲಿ ಅವರೂ ಒಬ್ಬರಾಗಿದ್ದರು.

೧೮೯೯–೧೯೦೦ರ ದೊಡ್ಡ ಬರದಲ್ಲಿ ಗುಜರಾತದಿಂದಲೂ ರಾಜಪುತಾನದಿಂದಲೂ ನೂರಾರು ಮಕ್ಕಳು ಬಂದರು. ಮುಕ್ತಿಯ ಒಟ್ಟು ಸಂಖ್ಯೆಯು ಎರಡು ಸಾವಿರವನ್ನು ಮುಟ್ಟಿತು. ಎರಡು ಸಾವಿರ ಬಾಯಿಗೆ ಅನ್ನವೆಂದರೆ ಸಣ್ಣ ಮಾತಲ್ಲ. ರಮಾಬಾಯಿಯವರು ಬಾವಿ ತೋಡಿಸಿದರು, ತರಕಾರಿ ಬೆಳೆಯಿಸಿದರು, ದನ ಸಾಕಿಸಿದರು. ನೇಯ್ಗೆ, ಎಣ್ಣೆಯ ಗಾಣ, ಅಚ್ಚುಕೂಟ, ಅಗಸಗಿತ್ತಿಯ ಕೆಲಸ, ಹೊಲಿಗೆ, ಶುಶ್ರೂಷೆ, ಶಿಕ್ಷಕಿಯರ ತರಬೇತಿ ಎಲ್ಲವನ್ನೂ ಹೂಡಿದರು. ಕುರುಡಿಯರಿಗೆ ಬೆರಳಿಂದ ಓದುವ ಬ್ರೇಲ್ ಅಕ್ಷರಗಳನ್ನು ಕಲಿಸುವ ಏರ್ಪಾಡಾಯಿತು. ಮೋಸಹೋಗಿ ಬೀದಿಪಾಲಾದವರಿಗೆ ಕೃಪಾ ಸದನವೆಂಬ ಬೇರೆ ಮನೆಯಿತ್ತು. ಅವರನ್ನು ನೋಡಿ ಮೂಗು ಮುರಿಯಲು ಅಲ್ಲಿ ಯಾರಿಗೂ ಅನುಮತಿಯಿರಲಿಲ್ಲ.

ರಮಾಬಾಯಿಯವರು ಕಡೆಯ ತನಕವೂ ಬಿಳಿಯ ಸೀರೆಯುಟ್ಟರು, ಶಾಕಾಹಾರವನ್ನೇ ಉಂಡರು. ೧೯೦೫ರಲ್ಲಿ ಮುಕ್ತಿಯ ಹುಡುಗಿಯರಲ್ಲಿ ಭಕ್ತಿಯ ಉಜ್ಜೀವನವುಂಟಾಗಿ ಅದರ ಸುದ್ದಿಯು ದೂರದೇಶಗಳಿಗೂ ಹಬ್ಬಿದಾಗ, ಕೆಲವು ಪಾಶ್ಚಾತ್ಯರು ಅಲ್ಲಿಯ ಗಟ್ಟಿಯಾದ ಅಳು, ನಗೆ, ಹಾಡುಗಳನ್ನು ಕಂಡು ಹುಬ್ಬು ಗಂಟಿಕ್ಕಿದರು. ಹಿಂದುಸ್ಥಾನದ ಸ್ತ್ರೀಯು ತನ್ನ ಹೃದಯಕ್ಕೆ ಸಹಜವಾದ ರೀತಿಯಲ್ಲಿ ದೇವರನ್ನು ಸ್ತುತಿಸಲಿ, ಅದನ್ನು ಪಾಶ್ಚಾತ್ಯ ಅಳತೆಗೋಲಿನಿಂದ ಅಳೆಯಬೇಕಾಗಿಲ್ಲವೆಂದು ರಮಾಬಾಯಿಯವರು ಅವರ ಪಕ್ಷ ವಹಿಸಿದರು.

ಬೈಬಲಿನ ಭಾಷಾಂತರ

ಕನ್ನಡಿಗರಿಗೆ ಪೂರ್ಣ ಬೈಬಲು ಬಳ್ಳಾರಿಯ ಮಿಶನರಿಗಳ ಪರಿಶ್ರಮದಿಂದ ೧೮೩೧ರಲ್ಲಿಯೇ ದೊರಕಿತ್ತು. ಮರಾಠಿಯಲ್ಲಿಯೂ ಭಾಷಾಂತರಗಳಿದ್ದವು. ಆದರೆ ಅವುಗಳ ಸಂಸ್ಕೃತಮಯವಾದ ಭಾಷೆಯು, ಅಕ್ಷರವನ್ನು ಆಗತಾನೆ ಕಲಿತ ತಮ್ಮ ಹುಡುಗಿಯರಿಗೆ ತಿಳಿಯದೆಂದು ರಮಾಬಾಯಿಯವರು ಕಂಡರು. ಆದುದರಿಂದ ತಮ್ಮ ನಲವತ್ತೈದನೆಯ ವಯಸ್ಸು ದಾಟಿದ ಮೇಲೆ ಇಬ್ರಿಯ, ಗ್ರೀಕ್ ಮೂಲಭಾಷೆಗಳನ್ನು ಆಳವಾಗಿ ಅಭ್ಯಾಸಮಾಡಿ, ಇಡೀ ಗ್ರಂಥವನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಗೆ ಇಳಿಸಲು ಕುಳಿತರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಬಿರುದು ಪಡೆದವರು ಸಂಸ್ಕೃತ ಪದಗಳನ್ನೇ ಆರಿಸಿ ಆರಿಸಿ ಬಿಟ್ಟರು! ಅವರ ಪದಗಳ ಆಯ್ಕೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿದರೆಂದಲ್ಲ. ಆದರೆ ಆ ತ್ಯಾಗದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಪಾಂಡಿತ್ಯವು ತೋರಿಕೆಗಲ್ಲ, ಇಲ್ಲದವರ ಕೈಗೆ ಬೆಳಕು ಮುಟ್ಟಿಸುವದಕ್ಕೆ ಎಂಬುದನ್ನು ಅವರು ನಡೆದು ತೋರಿಸಿದರು.

ಅಚ್ಚಿನ ಮೊಳೆಗಳನ್ನು ಜೋಡಿ‌ಸಿದವರೂ, ಕಾಗದ ಮಡಿಚಿದವರೂ ಮುಕ್ತಿಯ ಹೆಣ್ಣುಮಕ್ಕಳೇ. ಕ್ಷಾಮದಲ್ಲಿ ಎಲುಬಿನ ಹಂದರವಾಗಿ ಬಂದವರು ದೇವರ ವಾಕ್ಯವನ್ನು ತಮ್ಮ ಕೈಯಾರೆ ಅಚ್ಚು ಹಾಕಿದರು. ಒಬ್ಬ ಸ್ತ್ರೀಯೇ ಇಡೀ ಬೈಬಲನ್ನು ಮೂಲದಿಂದ ಭಾಷಾಂತರಿಸಿದ ಉದಾಹರಣೆಗಳು ಲೋಕದಲ್ಲಿಯೇ ಅತಿ ವಿರಳ.

ಕಡೆಯ ದಿನಗಳು

ಮನೋರಮೆಯು ತಾಯಿಗೆ ಬಲಗೈಯಾಗಿದ್ದಳು. ಕನ್ನಡ ನಾಡಿನ ಗುಲಬರ್ಗೆಯಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿಮಗಳ ಪ್ರಯತ್ನದಿಂದ ಒಂದು ಕ್ರೈಸ್ತ ಶಾಲೆಯು ನಡೆಯಿತು. ಹುಟ್ಟಿದ ನಾಡಿನ ಋಣವನ್ನು ರಮಾಬಾಯಿಯವರು ಹೀಗೆ ತೀರಿಸಿದರೆಂದು ನಾವು ಸಂತೋಷದಿಂದ ನೆನೆಯುವೆವು. ೧೯೧೯ರಲ್ಲಿ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ೧೯೨೧ರ ಜುಲೈ ತಿಂಗಳಲ್ಲಿ ನಲವತ್ತು ವಯಸ್ಸಿನ ಮನೋರಮೆಯು ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡಿದ್ದವರು ಈಗ ಒಬ್ಬಳೇ ಮಗಳನ್ನೂ ದೇವರಿಗೆ ಒಪ್ಪಿಸಿದರು. ಆದರೂ ಭಾಷಾಂತರದ ಕೆಲಸವನ್ನು ನಿಲ್ಲಿಸದೆ ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು, ಅರುವತ್ತನಾಲ್ಕು ವರುಷ ತುಂಬಲು ಹದಿನೆಂಟು ದಿನ ಉಳಿದಿರುವಾಗ, ನಿದ್ರೆಹೋದಂತೆ ಕರ್ತನನ್ನು ಸೇರಿದರು. ಪೂರ್ಣ ಗ್ರಂಥವು ೧೯೨೪ರಲ್ಲಿ ಅಚ್ಚಾಗಿ ಹೊರಬಂತು. ಭಾರತ ಸರಕಾರವು ೧೯೮೯ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿ ಅವರನ್ನು ಗೌರವಿಸಿತು. ಕೇಡಗಾವದ ಮುಕ್ತಿಯು ಇಂದಿಗೂ ಅನಾಥರಿಗೆ ಆಶ್ರಯವಾಗಿ ನಡೆಯುತ್ತಿರುವದು.

ಈ ಚರಿತ್ರೆಯ ಉಪದೇಶ

ಹಿಂದೆ ಹೇಳಿದ ಎರಡು ಪ್ರಶ್ನೆಗಳಿಗೆ ಈಗ ಬರುವೆವು. ಅನ್ಯಮತದ ತಂದೆತಾಯಿಗಳೇ, ಮನಸ್ಸಾಕ್ಷಿಯು ದೇವರು ಕೊಟ್ಟ ದೀಪವೆಂದು ನಂಬಿದ ಒಬ್ಬ ಕ್ರೈಸ್ತ ಸ್ತ್ರೀಯು ಇನ್ನೊಬ್ಬರ ದೀಪವನ್ನು ಊದಲು ಒಪ್ಪಳೆಂಬುದನ್ನು ಈ ಚರಿತ್ರೆಯಲ್ಲಿ ಕಂಡಿರಿ. ಮಿಶನ್ ಶಾಲೆಯೊಂದು ತನ್ನ ನಂಬಿಕೆಯನ್ನು ಮುಚ್ಚಿಟ್ಟುಕೊಂಡರೆ ಅದು ಕಪಟ. ಅದನ್ನು ಮಕ್ಕಳ ಮೇಲೆ ಹೇರಿದರೆ ಅದು ಅನ್ಯಾಯ. ನಮ್ಮ ಪ್ರಾರ್ಥನಾ ಮಂದಿರದ ಬಾಗಿಲು ತೆರೆದಿರುವದು, ಒಳಗೆ ಬರುವದೂ ಬಾರದಿರುವದೂ ನಿಮ್ಮ ಮಗಳಿಗೂ ನಿಮಗೂ ಸೇರಿದ್ದು. ಬಂದವಳಿಗೆ ಹೆಚ್ಚು ಅಂಕವಿಲ್ಲ, ಬಾರದವಳಿಗೆ ಕಡಿಮೆ ಅಕ್ಕರೆಯಿಲ್ಲ.

ಕ್ರೈಸ್ತ ತಂದೆತಾಯಿಗಳೇ, ಮಗಳು ಪ್ರಶ್ನೆ ಕೇಳಿದಳೆಂದು ಅಂಜಬೇಡಿರಿ. ಇಂದು ಅಂಗೈಯಗಲದ ಪರದೆಯ ಮೇಲೆ ಸಾವಿರ ಉಪದೇಶಕರು ಸಾವಿರ ಮಾತುಗಳನ್ನು ಹೇಳುವರು. ಯಾವ ಮಾತನ್ನೂ ಸ್ವತಃ ಓದಿ ನೋಡದೆ ನಂಬುವ ರೂಢಿಯೂ, ಸ್ವತಃ ಓದಿ ನೋಡದೆ ನಗುವ ರೂಢಿಯೂ ಎಳೆಯರಲ್ಲಿ ಒಟ್ಟಿಗೇ ಬೆಳೆಯುತ್ತಿರುವವು. ಈ ಗಾಳಿಯಲ್ಲಿ ಬಾಯಿಪಾಠದ ನಂಬಿಕೆಯು ಬಹುಕಾಲ ನಿಲ್ಲದು. ತಾನೇ ಓದಿ, ಕೇಳಿ, ತೂಗಿ, ಪ್ರಾರ್ಥಿಸಿ ಹಿಡಿದ ನಂಬಿಕೆಯು ಮಾತ್ರ ರಮಾಬಾಯಿಯವರ ನಂಬಿಕೆಯ ಹಾಗೆ ಕ್ಷಾಮ, ಪ್ಲೇಗು, ಪುತ್ರೀಶೋಕಗಳನ್ನು ತಾಳಿ ನಿಂತೀತು. ಮಗಳ ಸಂಶಯಕ್ಕೆ ಕೋಪದಿಂದಲ್ಲ, ಬೀಲರಂತೆ ಸಮಾಧಾನದಿಂದ ಉತ್ತರ ಕೊಡಿರಿ.

ಕೊನೆಗೆ ಎಲ್ಲ ತಂದೆತಾಯಿಗಳಿಗೂ ಒಂದು ಬಿನ್ನಹ. ಹದಿನೆಂಟು ವರುಷ ತುಂಬದ ಕನ್ಯೆಯ ಮದುವೆಯನ್ನು ದೇಶದ ಕಾನೂನು ನಿಷೇಧಿಸಿರುವದು. ಆದರೂ ಎಂಟನೆಯ ಒಂಬತ್ತನೆಯ ಇಯತ್ತೆಯಲ್ಲಿ ಜಾಣೆಯಾಗಿ ಓದುತ್ತಿದ್ದ ಹುಡುಗಿಯ ಸ್ಥಾನವು ದೀಪಾವಳಿಯ ಸೂಟಿ ಮುಗಿದ ಮೇಲೆ ಬರಿದಾಗಿರುವದನ್ನು ನಾವು ಕಂಡಿರುವೆವು. ಕಬ್ಬಿನ ಕಟಾವಿಗೆ ಕೈ ಬೇಕಾಯಿತೆಂದೋ, ಒಳ್ಳೆಯ ಸಂಬಂಧ ಬಂತೆಂದೋ ಕಾರಣ ಹೇಳುವರು. ಮನೆಯಿಲ್ಲದೆ, ಹಣವಿಲ್ಲದೆ, ನಾಳಿನ ಊಟದ ಭರವಸೆಯೂ ಇಲ್ಲದೆ ಒಬ್ಬ ತಾಯಿಯು ಬೆಳಗಿನ ಜಾವದಲ್ಲಿ ಎದ್ದು ಮಗಳಿಗೆ ಪಾಠ ಹೇಳಿದಳು. ಆ ಒಂದು ಪಾಠದಿಂದ ಎರಡು ಸಾವಿರ ಮಕ್ಕಳು ಬದುಕಿಕೊಂಡರು. ನಿಮಗೆ ಮನೆಯಿದೆ, ಹತ್ತಿರದಲ್ಲಿಯೇ ಶಾಲೆಯಿದೆ. ನಿಮ್ಮ ಮಗಳ ಒಂದು ಪಾಠದಿಂದ ಮುಂದೆ ಯಾರು ಬದುಕುವರೆಂದು ಬಲ್ಲವರಾರು?

ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನೀವು ಯಾವ ಊರಿನಲ್ಲಿದ್ದರೂ, ಯಾವ ಮತದಲ್ಲಿದ್ದರೂ, ನಿಮ್ಮ ನೆರೆಯಲ್ಲಿ ಓದನ್ನು ಬಿಡಿಸಲಾದ ಒಬ್ಬ ಹುಡುಗಿಯಿದ್ದರೆ ಅವಳ ಮನೆಗೆ ಹೋಗಿ ಮಾತಾಡಿರಿ. ರಮಾಬಾಯಿಯವರನ್ನು ನಡೆಸಿದ ದಯಾಮಯನಾದ ದೇವರು ನಿಮ್ಮನ್ನೂ ನಮ್ಮನ್ನೂ ಈ ಸೇವೆಯಲ್ಲಿ ನಡೆಸಲೆಂದು ಪ್ರಾರ್ಥಿಸುವೆವು.